ಆಡೂರಜ್ಜನ ದನಿಯಲ್ಲಿ ಹೇಳಿದ ಪಥ್ಯ

ಸವಣೂರಿನ ಖಾರದ ಅಕ್ಕ ಮೊದಲ ಸಲ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಾಗ ನಾನು ಹಿರೇಕೆರೂರಿನ ನಿವೃತ್ತ ಮಾಸ್ತರರೊಬ್ಬರ ಕಾಲುಗಳಾಗಿದ್ದೆ. ಮಾಸ್ತರರು ಹಾಸಿಗೆಯಲ್ಲಿ ಕಾಲು ಝಾಡಿಸುವ ಬಗೆ, ಅವರ ಹೆಂಡತಿ ದಿಂಬು ಎತ್ತಿಕೊಂಡು ಪಡಸಾಲೆಗೆ ಎದ್ದುಹೋಗುವ ಬಗೆ, ಆಮೇಲೆ ಮಾಸ್ತರರು ಅಂಗಳಕ್ಕೆ ಬಂದು ಪರೀಕ್ಷೆ ಕೊಠಡಿಯಲ್ಲಿ ಕಾಪಿ ಹಿಡಿಯುವವರಂತೆ ಅತ್ತಿಂದಿತ್ತ ನಡೆಯುವ ಬಗೆ, ಎಲ್ಲವನ್ನೂ ಸವಣೂರು ಬಸ್‌ ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದೆ. ಏಳೆಂಟು ಜನ ನಗುತ್ತಿದ್ದರು. ಇಂಥ ಗುಂಪಿನಲ್ಲಿ ಒಬ್ಬಿಬ್ಬರ ನಗು ಅರ್ಧಕ್ಕೇ ನಿಲ್ಲುತ್ತದೆ. ಅವರಿಗೂ ಅದೇ ತೊಂದರೆ ಇರುತ್ತದೆ. ನನ್ನ ಗಿರಾಕಿಗಳು ಅವರೇ.

ಈ ಅಕ್ಕ ಮಾತ್ರ ಮೊದಲಿನಿಂದಲೂ ನಗಲೇ ಇಲ್ಲ.

"ತಮ್ಮಾ, ಅದು ನನ್ನ ಕಾಲು. ನೀ ಎಲ್ಲಿ ನೋಡಿದಿ?" ಎಂದು ಕೇಳಿದರು.

ನಾನು ಹಾನಗಲ್ಲಿನ ಒಂದು ಹೋಮಿಯೋಪಥಿ ಅಂಗಡಿಯ ಆಳು. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ದಿನಕ್ಕೊಂದು ಊರಿಗೆ ಹೋಗುತ್ತಿದ್ದೆ. ಬುಧವಾರ ಸವಣೂರು, ಗುರುವಾರ ಶಿಗ್ಗಾಂವಿ, ಶನಿವಾರ ಹಿರೇಕೆರೂರು. ಡಾಕ್ಟರರ ಚೀಟಿ ಬೇಡದ, ಕೇಳಿದವರಿಗೆ ಕೊಡಬಹುದಾದ ಬಾಟಲಿಗಳಷ್ಟೇ ನನ್ನವು. ಆ ವರ್ಷ ಹೆಚ್ಚು ಹೋಗುತ್ತಿದ್ದದ್ದು ಎರಡು. ಒಂದು ಕಾಲಿನ ಚಡಪಡಿಕೆಗೆ ಸತುವಿನಿಂದ ಮಾಡಿದ್ದು, ಇನ್ನೊಂದು ನಿದ್ದೆಗೆ ಕಾಫಿ ಬೀಜದಿಂದ ಮಾಡಿದ್ದು. ಕಾಫಿಯ ಗುಳಿಗೆ ಕೊಟ್ಟು "ಕಾಫಿ ಕುಡೀಬ್ಯಾಡ್ರಿ" ಎಂದು ಹೇಳುವಾಗ ನನಗೇ ನಗು ಬರುತ್ತಿತ್ತು. ಬಾಟಲಿಯ ಮೇಲಿನ ನಂಬರು ಏರಿದಷ್ಟೂ ಒಳಗಿನ ಔಷಧ ಕಡಿಮೆ, ಶಕ್ತಿ ಮಾತ್ರ ಜಾಸ್ತಿ ಎಂದು ಮಾಲಕರು ಕಲಿಸಿದ್ದರು. ನಾನು ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನಾದ್ದರಿಂದ ಒಪ್ಪಿಕೊಂಡಿದ್ದೆ.

ಅಕ್ಕನಿಗೆ ನಲವತ್ತು ದಾಟಿರಬಹುದು. ಬಸ್‌ ಸ್ಟ್ಯಾಂಡಿನ ಹಿಂದೆ ಮೈದುನನ ಖಾರದ ಭಟ್ಟಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಡಾಯಿಯ ಮುಂದೆ ನಿಂತು ಸೇವು ಒತ್ತುವುದು, ಕರಿಯುವುದು, ತೂತಿನ ಝಾರಿಯಿಂದ ಎತ್ತುವುದು. ಸೀರೆಗೆ ಅಜವಾನದ ವಾಸನೆ ಹತ್ತಿತ್ತು.

"ಹಾಸಿಗ್ಯಾಗ ಬಿದ್ದ ಕೂಡ್ಲೇ ಶುರು ಆಗತೈತಿ," ಎಂದರು. "ಮೀನಖಂಡದಾಗ ಯಾರೋ ಕುಂತು ಹುರಿ ಹೊಸದಂಗ. ಎದ್ದು ನಡದ್ರ ಸುಮ್ಮನ ಇರತೈತಿ, ಮತ್ತ ಮಲಗಿದ್ರ ಮತ್ತ ಹೊಸೀತೈತಿ. ಬೆಳತನಾ ಇದ ಹಣೆಬರ. ಹಗಲಿ ಕಡಾಯಿ ಮುಂದ ನಿಂತಲ್ಲೇ ಕಣ್ಣ ಮುಚ್ಚತಾವ. ಎದರಿಗೆ ಕುದಿಯೋ ಎಣ್ಣಿ, ತಮ್ಮಾ. ಒಂದಿನ ಅದರಾಗ ಬೀಳ್ತೇನಿ."

"ಬೀಳೂದಿಲ್ಲ ಬಿಡ್ರಿ ಅಕ್ಕಾರ. ನಿಮ್ಮನ್ನ ಕರದ್ರ ಯಾರ್‌ ತಿನ್ನಬೇಕು?" ಎಂದೆ. ಗುಂಪು ನಕ್ಕಿತು. ಎರಡು ಬಾಟಲಿ ತೆಗೆದು ಮುಂದಿಟ್ಟೆ. ಗುಳಿಗೆಯನ್ನು ಕೈಯಿಂದ ಮುಟ್ಟಬಾರದು, ಮುಚ್ಚಳಕ್ಕೆ ನಾಲ್ಕು ಸುರಿದುಕೊಂಡು ನೇರ ನಾಲಿಗೆಯ ಕೆಳಗೆ ಹಾಕಬೇಕು, ಊಟಕ್ಕೂ ಅದಕ್ಕೂ ಅರ್ಧ ತಾಸು ಅಂತರ ಇರಬೇಕು ಎಂದು ಹೇಳಿದೆ. ಅವರು ಎಲ್ಲರೂ ಕೇಳುವುದನ್ನೇ ಕೇಳಿದರು.

"ಪಥ್ಯ ಏನು?"

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ಎಡವಿದ್ದು ಇಲ್ಲೇ. ಪೆಟ್ಟಿಗೆಯಲ್ಲಿ ಅಚ್ಚಾದ ಚೀಟಿ ಇತ್ತು. ಗುಳಿಗೆ ತೆಗೆದುಕೊಳ್ಳುವ ಹೊತ್ತಿಗೆ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾಫಿ, ಕರ್ಪೂರದ ವಾಸನೆ ಬೇಡ ಎಂದು ಎರಡು ಸಾಲು. ನಮ್ಮ ಕಡೆಯ ಜನಕ್ಕೆ ಎರಡು ಸಾಲಿನ ಪಥ್ಯ ಸಾಲುವುದಿಲ್ಲ. "ಇಷ್ಟ ಏನು? ಹಂಗಾರ ಇದು ಹಗೂರ ಔಷಧ" ಎಂದು ಬಾಟಲಿ ಕೆಳಗಿಟ್ಟು ಹೋದವರನ್ನು ಮೊದಲ ತಿಂಗಳಲ್ಲೇ ಕಂಡಿದ್ದೆ. ಪಥ್ಯ ಕಠಿಣವಾದಷ್ಟೂ ಔಷಧ ಗಟ್ಟಿ ಎಂದು ಅವರ ಲೆಕ್ಕ. ಅವ್ವನ ತವರು ಆಡೂರು. ಅಲ್ಲಿ ಬೇರು ಕಟ್ಟುವ ಒಬ್ಬ ಅಜ್ಜ ಇದ್ದ. ಮೂಗಿನಿಂದ ಮಾತಾಡುತ್ತಿದ್ದ. ಒಂದೊಂದು ಪದಾರ್ಥ ಹೇಳಿದ ಮೇಲೂ ಕಣ್ಣು ಮುಚ್ಚಿ "ಹೂಂ" ಎನ್ನುತ್ತಿದ್ದ. ನಾನು ಆ ಅಜ್ಜನ ದನಿ ಎತ್ತಿಕೊಂಡೆ. ಪಟ್ಟಿ ಮಾತ್ರ ನನ್ನದೇ, ಬಾಯಿಗೆ ಬಂದದ್ದು.

"ಮೆಂತ್ಯಪಲ್ಲೆ ಬ್ಯಾಡ, ಹೂಂ. ರಾಜಗಿರಿ ಬ್ಯಾಡ, ಹೂಂ. ಪುಂಡಿಪಲ್ಲೆ ಹೆಸರೂ ತಗೀಬ್ಯಾಡ, ಹೂಂ. ಹುಳ್ಳಿಕಾಳು ವಾಯು, ಶೇಂಗಾ ಪಿತ್ತ, ಎಳ್ಳು ಉಷ್ಣ, ಬೆಲ್ಲ ಅದರ ಅಣ್ಣ, ಹೂಂ. ತತ್ತಿ, ಖಂಡ ಮನಿ ಹೊಸ್ತಲಾ ದಾಟಬಾರದು, ಹೂಂ."

ಚಹಾ ಮಾತ್ರ ಬಿಡಿಸಿರಲಿಲ್ಲ. ಚಹಾ ಬಿಡಿ ಎಂದರೆ ಸವಣೂರಿನಲ್ಲಿ ಒಂದು ಬಾಟಲಿಯೂ ಹೋಗುವುದಿಲ್ಲ. "ಚಹಾ ನಡೀತೈತಿ, ಹೂಂ" ಎಂದಾಗ ಯಾವಾಗಲೂ ಚಪ್ಪಾಳೆ ಬೀಳುತ್ತಿತ್ತು. ಅಂದೂ ಬಿತ್ತು. ಅಕ್ಕ ತುಟಿ ಅಲ್ಲಾಡಿಸುತ್ತ ನಿಂತಿದ್ದರು. ನಾನು ಅದನ್ನು ಗಮನಿಸಿದೆ, ಏನೆಂದು ಯೋಚಿಸಲಿಲ್ಲ.

ಎರಡನೆಯ ಬುಧವಾರ ಬಂದು ಜಾಸ್ತಿಯಾಗಿದೆ ಎಂದರು. ಇದಕ್ಕೆ ನಮ್ಮ ಧಂಧೆಯಲ್ಲಿ ಸಿದ್ಧ ಉತ್ತರವಿದೆ. "ಮೊದಲ ಹೆಚ್ಚಾಗಿ ಆಮೇಲೆ ಇಳೀತೈತ್ರಿ. ಹೆಚ್ಚಾತಂದ್ರ ಔಷಧ ಹಿಡೀತು ಅಂತ ತಿಳೀರಿ" ಎಂದೆ. ಕಡಿಮೆಯಾದರೂ ಔಷಧದಿಂದ, ಹೆಚ್ಚಾದರೂ ಔಷಧದಿಂದ. ಇಷ್ಟು ಅನುಕೂಲದ ಸರಕು ಬೇರೆ ಯಾವುದೂ ಇಲ್ಲ.

ಮೂರನೆಯ ಬುಧವಾರ ಅವರ ಕಣ್ಣು ಒಳಗೆ ಹೋಗಿದ್ದವು. ಈಗ ಸಂಜೆ ಕುಳಿತಾಗಲೂ ಕಾಲಲ್ಲಿ ಶುರುವಾಗುತ್ತಿತ್ತಂತೆ. ನಾನು ಹಾನಗಲ್ಲಿಗೆ ಫೋನ್‌ ಹಚ್ಚಿದೆ. ಮಾಲಕರು ಮೂರು ಸಲ ಕೆಮ್ಮಿ ಒಂದು ಮಾತಾಡುವವರು.

"ಪಥ್ಯ ಮುರದಿರಬೇಕು, ಕೇಳು."

"ಮುರದಿಲ್ಲಂತ್ರಿ."

"ಅಜವಾನ, ಇಂಗಿನ ನಡುವ ನಿಲ್ಲಾಕಿ. ವಾಸನಿಗೆ ಔಷಧ ಕೆಟ್ಟೈತಿ."

"ಅದು ಆಕಿ ಕೆಲಸರೀ, ಮಾಲಕ್ರ. ಮೂಗ ಕಟ್ಟಿಕೊಂಡು ಖಾರಾ ಕರ್ಯಾಕ ಬರೂದಿಲ್ಲ."

"ಹಂಗಾರ ಇನ್ನೂರ ನಂಬರ್‌ ಕೊಡು."

ಇನ್ನೂರು ಕೊಟ್ಟೆ. ಕೊಡುವಾಗ ಗೆಲುವಿನಿಂದ ಮಾಲಕರ ಕೆಮ್ಮನ್ನೂ ಕೆಮ್ಮಿ ತೋರಿಸಿದೆ. ಅಕ್ಕ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಪ್ರಸಾದದ ಹಾಗೆ. ಅವತ್ತು ಹಾನಗಲ್ಲಿಗೆ ಮರಳುವಾಗ ದಾರಿಯುದ್ದಕ್ಕೂ ಆ ಎರಡು ಕೈಗಳೇ ಕಣ್ಣ ಮುಂದೆ ಬಂದವು. ನಕಲಿ ಮಾಡಿ ಅಣಕಿಸಿದರೆ ಹೋಗಬಹುದೆಂದು ಒಬ್ಬನೇ ಸ್ಕೂಟರಿನ ಮೇಲೆ ಕೈ ಬಿಟ್ಟು ಮಾಡಿ ನೋಡಿದೆ. ಗುಂಡಿಗೆ ಬಿದ್ದು ಸ್ವಲ್ಪದರಲ್ಲಿ ಉಳಿದೆ.

ನಾಲ್ಕನೆಯ ಬುಧವಾರ ದೂರದಿಂದಲೇ ಕಂಡರು. ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಕಾಲಿನ ಗುಳಿಗೆಯವನಾದ ನನಗೆ ಮುಖ ನೋಡುವುದು ಗೊತ್ತಿರಲಿಲ್ಲ. ಅವತ್ತು ನೋಡಿದೆ. ಮುಖ ಅಕ್ಕಿಹಿಟ್ಟು ಬಳಿದಂತೆ ಬಿಳಿಚಿತ್ತು. "ಮೈದುನ ಹೇಳ್ಯಾನ, ಇನ್ನೊಮ್ಮೆ ಕಡಾಯಿ ಮುಂದ ತೂಕಡಿಸಿದ್ರ ಬ್ಯಾರೆದವರನ್ನ ನಿಂದ್ರಸ್ತೇನಂತ," ಎಂದರು. "ಇಪ್ಪತ್ತ ವರ್ಷಾತು ಆ ಕಡಾಯಿ ಹಿಡದು. ನನ್ನ ಸೇವು ಅಂತ ಕೇಳಿ ಒಯ್ತಾರ ಮಂದಿ. ಏನರ ಮಾಡು, ತಮ್ಮಾ." "ಇನ್ನೊಂದ್‌ ವಾರ ನೋಡ್ರಿ" ಎಂದೆ.

ಐದನೆಯ ಬುಧವಾರ ನಾನು ಸವಣೂರಿಗೆ ಹೋಗಲೇ ಇಲ್ಲ. ನೇರ ಶಿಗ್ಗಾಂವಿಗೆ ಹೋಗಿ ಟೇಬಲ್‌ ಹಾಕಿದೆ. ಮಾಲಕರಿಗೆ ಸ್ಕೂಟರ್‌ ಕೆಟ್ಟಿದೆ ಎಂದು ಮೆಕ್ಯಾನಿಕ್ಕನ ದನಿಯಲ್ಲಿ ಫೋನ್‌ ಮಾಡಿದೆ. ಅಂಥ ಹೇಡಿ ನಾನು, ಅದರಲ್ಲೂ ಕಲಾವಂತ ಹೇಡಿ.

ಹನ್ನೊಂದರ ಬಸ್ಸಿನಿಂದ ಖಾರದ ಅಕ್ಕ ಇಳಿದರು.

ಸವಣೂರಿನ ಔಷಧಿ ಅಂಗಡಿಯವನಿಂದ ಮತ್ತು ಯಾರು ಯಾರಿಂದಲೋ ವಿಚಾರಿಸಿಕೊಂಡು ಬಂದಿದ್ದರು. ಬಲ ಮುಂಗೈಯಿಂದ ಮೊಣಕೈಯವರೆಗೆ ಬಿಳಿ ಪಟ್ಟಿ ಸುತ್ತಿತ್ತು. ಎರಡು ದಿನದ ಹಿಂದೆ ಮಧ್ಯಾಹ್ನ ನಿಂತಲ್ಲೇ ಜೋಂಪು ಹತ್ತಿ ಝಾರಿ ಕೈಜಾರಿ ಕಡಾಯಿಗೆ ಬಿದ್ದು, ಎಣ್ಣೆ ಸಿಡಿದಿತ್ತು. ಕೈಯ ಬದಲು ಮುಖವಿದ್ದಿದ್ದರೆ ಎಂದು ನಾನು ಲೆಕ್ಕ ಹಾಕುವ ಮೊದಲೇ ಅವರು ಮಾತು ಶುರು ಮಾಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬಚಾವಾಗುತ್ತಿದ್ದೆ.

"ತಪ್ಪು ನಂದೈತಿ, ತಮ್ಮಾ. ತಂಗಿ ಮನ್ಯಾಗ ತೊಟ್ಲ ಇತ್ತು. ಒಂದ ತುತ್ತು ಮೆಂತ್ಯಪಲ್ಲೆ ಬಾಯಾಗ ಹಾಕಿಬಿಟ್ಟೆ. ಅದಕ್ಕ ಔಷಧ ಮುನಿಸಿಕೊಂಡೈತಿ. ಬಾಕಿದೆಲ್ಲಾ ನೀ ಹೇಳಿದಂಗ ಮಾಡೇನಿ. ಬೇಕಾರ ಕೇಳು."

ಆಮೇಲೆ ಕಣ್ಣು ಮುಚ್ಚಿ, ಮೂಗಿನಿಂದ, ಹೇಳತೊಡಗಿದರು.

"ಮೆಂತ್ಯಪಲ್ಲೆ ಬ್ಯಾಡ, ಹೂಂ. ರಾಜಗಿರಿ ಬ್ಯಾಡ, ಹೂಂ. ಪುಂಡಿಪಲ್ಲೆ ಹೆಸರೂ ತಗೀಬ್ಯಾಡ, ಹೂಂ."

ಅವರಿಗೆ ಓದು ಬರುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಬಾಯಿಪಾಠ ಮಾಡುವುದು ಅವರ ರೂಢಿ. ಆಡೂರಜ್ಜನ ಮೂಗು, ಅವನ ಹೂಂಕಾರ, ನಾನು ಜನ ನಗಲೆಂದು ಮಧ್ಯೆ ಸೇರಿಸಿದ್ದ ಬಿಕ್ಕಳಿಕೆ, ಎಲ್ಲವೂ ಪಥ್ಯದ್ದೇ ಭಾಗವೆಂದು ತಿಳಿದು ಒಂದನ್ನೂ ಬಿಟ್ಟಿರಲಿಲ್ಲ. ನನಗಿಂತ ಚೆನ್ನಾಗಿ ಮಾಡಿದರು. ಸುತ್ತ ನಿಂತವರು ಹೊಸ ಆಟವೆಂದು ನಕ್ಕರು. "ಚಹಾ ನಡೀತೈತಿ, ಹೂಂ" ಎಂದಾಗ ಒಬ್ಬ ಚಪ್ಪಾಳೆ ತಟ್ಟಿದ. ಅಕ್ಕ ಕಣ್ಣು ತೆರೆದು ಅವನನ್ನು ನೋಡಿದರು, ಯಾಕೆ ನಗುತ್ತಾನೆಂದು ತಿಳಿಯದೆ.

"ನಾಕ ವಾರ ಏನ್‌ ತಿಂದ್ರಿ, ಅಕ್ಕಾರ?"

"ರೊಟ್ಟಿ, ಮಜ್ಜಿಗಿ. ಅನ್ನ, ಮಜ್ಜಿಗಿ. ಮತ್ತ ನೀ ನಡೀತೈತಿ ಅಂದಿದ್ದಿಲ್ಲ, ಚಹಾ. ನಿದ್ದಿಗೇಡಿಗೆ ಚಹಾದ ಮ್ಯಾಲೆ ನಿಂತೇನಿ."

ಪೆಟ್ಟಿಗೆಯ ಮುಚ್ಚಳ ಹಾಕಿದೆ. ಬಾಟಲಿ ಕೇಳುತ್ತಿದ್ದ ಒಬ್ಬನಿಗೆ "ಇವತ್ತ ಇಲ್ಲರಿ" ಎಂದೆ. "ಅಕ್ಕಾರ, ನನ್ನ ಕೂಡ ಸರಕಾರಿ ದವಾಖಾನಿಗೆ ಬರ್ರಿ" ಎಂದು ಸ್ಕೂಟರ್‌ ತಿರುಗಿಸಿದೆ. ದೊಡ್ಡ ನಿರ್ಧಾರದ ಹಾಗೆ ಅನಿಸಲಿಲ್ಲ.

ಚೀಟಿ ಮಾಡಿಸಿ ಸಾಲಿನಲ್ಲಿ ಒಂದೂವರೆ ತಾಸು ಕುಳಿತೆವು. ಅಕ್ಕ ಕುಳಿತಲ್ಲೇ ತೂಕಡಿಸುತ್ತಿದ್ದರು, ಕಾಲು ಮಾತ್ರ ಬೆಂಚಿನ ಕೆಳಗೆ ತನ್ನಷ್ಟಕ್ಕೆ ತಾನೇ ನೆಲ ಉಜ್ಜುತ್ತಿತ್ತು. ಡಾಕ್ಟರ್‌ ಮೇಡಂ ಕೆಳರೆಪ್ಪೆ ಜಗ್ಗಿ ನೋಡಿದರು, ಉಗುರು ನೋಡಿದರು, ರಕ್ತಕ್ಕೆ ಬರೆದರು. ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕು ವಾರದಲ್ಲಿ ನಾನು ಒಂದನ್ನೂ ಕೇಳಿರಲಿಲ್ಲ.

"ನಿದ್ದಿ ಬರ್ಲಿ ಅಂತ ಬ್ಯಾರೆ ಏನರ ಗುಳಿಗಿ ನುಂಗೀರೇನು? ನೆಗಡಿದು?"

"ಹೂಂ ರೀ. ನೆಗಡಿ ಗುಳಿಗಿ ತಗೊಂಡ್ರ ಕಣ್ಣ ಎಳೀತಾವ ಅಂತ ಬಾಜೂಮನಿಯಾಕಿ ಹೇಳಿದ್ಲು."

"ಅದು ಕಾಲಿನ ಜಗ್ಗಾಟ ಇನ್ನಷ್ಟು ಹೆಚ್ಚ ಮಾಡ್ತದ. ಬಿಡ್ರಿ. ತಿಂಗಳದ್ದು ಹೆಂಗ ಹೋಗ್ತದ?" ಎಂದವರೇ ನನ್ನ ಕಡೆ ತಿರುಗಿದರು. "ನೀ ಹೊರಗ ನಿಲ್ಲಪಾ."

ಹೊರಗೆ ನಿಂತೆ. ಮತ್ತೆ ಕರೆದಾಗ ರಕ್ತದ ಚೀಟಿ ಬಂದಿತ್ತು. ಮೇಡಂ ಅದನ್ನು ನೋಡಿ ಅಕ್ಕನನ್ನು ನೋಡಿದರು.

"ಮೈಯಾಗ ರಕ್ತನ ಇಲ್ಲ. ನೀವು ನಿಂತಿದ್ದ ದೊಡ್ಡದು. ಊಟಕ್ಕ ಏನ್‌ ಮಾಡ್ತೀರಿ?"

ಅಕ್ಕ ನನ್ನತ್ತ ನೋಡಿದರು, ಹೇಳಲೋ ಬೇಡವೋ ಎಂದು. ಅವರು ನನ್ನನ್ನು ಕಾಯಲು ಸಿದ್ಧರಿದ್ದರು. ಬಾಗಿಲಲ್ಲಿ ಸಾಲಿನ ಜನ ಇಣುಕುತ್ತಿದ್ದರು, ಅದರಲ್ಲಿ ನನ್ನ ಇಬ್ಬರು ಗಿರಾಕಿಗಳೂ ಇದ್ದರು.

"ಪಥ್ಯ ನಾ ಹೇಳಿದ್ದು, ಮೇಡಂ," ಎಂದೆ. "ಯಾವ ಪುಸ್ತಕದಾಗೂ ಇಲ್ಲ. ಮಂದಿ ನಂಬಲಿ ಅಂತ ನಾನ ಹುಟ್ಟಿಸಿದ್ದು. ಸೊಪ್ಪು, ಕಾಳು, ಶೇಂಗಾ, ಬೆಲ್ಲ, ತತ್ತಿ ಎಲ್ಲಾ ಬಿಡಿಸೇನಿ. ಚಹಾ ನಡೀತೈತಿ ಅಂದೇನಿ."

ಮೇಡಂ ಪೆನ್ನು ಕೆಳಗಿಟ್ಟರು. "ಕಬ್ಬಿಣಾಂಶ ಇರೋದನ್ನೆಲ್ಲಾ ಹುಡುಕಿ ಹುಡುಕಿ ಬಿಡಿಸಿದಿ. ಅದು ಮೈಗೆ ಹತ್ತದಂಗ ಮಾಡೋ ಚಹಾ ಒಂದನ್ನ ಉಳಿಸಿದಿ. ಓದಿದವರಿಗೂ ಇಷ್ಟು ಸರಿಯಾಗಿ ತಪ್ಪು ಮಾಡಾಕ ಬರೂದಿಲ್ಲ ನೋಡು."

"ನನ್ನಿಂದ ಆತೇನ್ರಿ ಇದು?"

"ರಕ್ತ ಮೊದಲ ಕಡಿಮಿ ಇತ್ತು, ತಿಂಗಳಿಗೊಮ್ಮೆ ಹೋಗೋದೂ ಜಾಸ್ತಿ ಐತಿ. ಅದಕ್ಕ ಬ್ಯಾರೆ ತಪಾಸಣಿ ಆಗಬೇಕು. ಉಳಿದಿದ್ದನ್ನ ನೀ ಖಾಲಿ ಮಾಡಿಸಿದಿ. ಕಾಲಿನ ತ್ರಾಸು ಎಲ್ಲಾರಿಗೂ ಇದರಿಂದನ ಬರ್ತದಂತಲ್ಲ. ಇವರದು ಇದರಿಂದ ಇರಬಹುದು. ನೋಡೂಣು."

ಕಬ್ಬಿಣಾಂಶದ ಗುಳಿಗೆ ಬರೆದರು. ಚಹಾದ ಜೊತೆ ಬೇಡ, ಲಿಂಬೆ ನೀರಿನ ಜೊತೆ ಆದೀತು, ಮಲ ಕಪ್ಪಾದರೆ ಹೆದರಬೇಡಿ, ಒಂದು ವಾರಕ್ಕೆ ಗುಣವಾಗುವುದಿಲ್ಲ, ತಿಂಗಳುಗಟ್ಟಲೆ ಬೇಕು. ಅಕ್ಕ ಎಲ್ಲ ಕೇಳಿ ಕೊನೆಗೆ "ಪಥ್ಯ ಏನ್ರಿ?" ಎಂದರು. ಮೇಡಂ ಮುಂದಿನವರ ಚೀಟಿ ತೆಗೆದುಕೊಳ್ಳುತ್ತ "ಏನೂ ಇಲ್ಲ, ಎಲ್ಲಾ ತಿನ್ರಿ" ಎಂದರು.

ಆ ಸಂಜೆ ಮಾಲಕರ ಮುಂದೆ ನಿಂತೆ. ಅವರು ಕೆಮ್ಮಿದರು, ನಾನು ಅಣಕಿಸಲಿಲ್ಲ. "ಎರಡ ಸಾಲಿನ ಚೀಟಿ ಕೊಟ್ಟಿದ್ದೆ ನಿನಗ. ಅದನ್ನ ಬಯಲಾಟ ಮಾಡು ಅಂತ ನಾ ಹೇಳಿದ್ನೇನು?" ಎಂದರು. ಇಲ್ಲ ಎಂದೆ. "ಇನ್ನೂರ ನಂಬರ್‌ ನಾ ಹೇಳಿದ್ದೆ," ಎಂದು ತಾವೇ ಸೇರಿಸಿದರು. ಆಮೇಲೆ, "ಯಾರ್ಯಾರಿಗೆ ಪಥ್ಯ ಹೇಳೀಯೋ ಅವರನ್ನೆಲ್ಲಾ ಹುಡಿಕಿ ಬಿಡಿಸಿ ಬಾ. ಅಲ್ಲೀತನಾ ಪೆಟಿಗಿ ಮುಟ್ಟಬ್ಯಾಡ" ಎಂದರು.

ನನ್ನ ಹತ್ತಿರ ಗಿರಾಕಿಗಳ ಹೆಸರಿನ ಪಟ್ಟಿ ಇರಲಿಲ್ಲ. ಅವರ ಕೆಮ್ಮು, ಕುಂಟು, ಮಾತಿನ ಎಳೆತ ಮಾತ್ರ ನೆನಪಿದ್ದವು. ಅಕ್ಕಿಆಲೂರಿನ ಗಿರಣಿಯ ಮುಂದೆ, ಹಾನಗಲ್ಲಿನ ಓಣಿಗಳಲ್ಲಿ, ಕಂಡವರೆದುರು ನಕಲಿ ಮಾಡಿ "ಹಿಂಗ ಮಾತಾಡೋರು ಎಲ್ಲಿರ್ತಾರ್ರಿ?" ಎಂದು ಕೇಳುತ್ತ ತಿರುಗಿದೆ. ಸಿಕ್ಕವರು ಸಿಕ್ಕರು. ಕೆಲವರು ಬೈದರು. ಹೆಚ್ಚಿನವರು ಪಥ್ಯವನ್ನು ಮೊದಲ ವಾರವೇ ಬಿಟ್ಟಿದ್ದರು, ದೇವರು ದೊಡ್ಡವನು. ಹಿರೇಕೆರೂರಿನ ಮಾಸ್ತರರು ಮಾತ್ರ ಬಿಡಲೊಲ್ಲರು.

"ನನ್ನ ಕಾಲಿಗೆ ಆರಾಮ ಆಗೇದೋ. ಪಥ್ಯದಿಂದಲೇ ಆಗಿರಬೇಕು."

"ಅದು ಸುಳ್ಳು ಪಥ್ಯರೀ, ಸರ್‌. ನಾನ ಹುಟ್ಟಿಸಿದ್ದು."

"ಹುಟ್ಟಿಸಿದವಗ ಅದರ ಗುಣಾ ಗೊತ್ತಿರಬೇಕಂತೇನಿಲ್ಲ," ಎಂದು ಮಾಸ್ತರರು ನನಗೇ ಪಾಠ ಹೇಳಿದರು. ಅವರ ಹೆಂಡತಿಗೆ ಗುಟ್ಟಾಗಿ ಹೇಳಿ ಬಂದೆ. "ಬೇಳಿಯೊಳಗ ರಾಜಗಿರಿ ಅರದು ಹಾಕ್ತೇನಿ ಬಿಡು. ಮೂವತ್ತ ವರ್ಷದಿಂದ ಹಿಂಗ ನಡದೈತಿ" ಎಂದರು.

ಮುಂದಿನ ಬುಧವಾರ ಪೆಟ್ಟಿಗೆಯಿಲ್ಲದೆ ಸವಣೂರಿಗೆ ಹೋದೆ. ಭಟ್ಟಿಯಲ್ಲಿ ಕಡಾಯಿಯ ಮುಂದೆ ಬೇರೆ ಹೆಂಗಸು ನಿಂತಿದ್ದಳು. ಅಕ್ಕ ಮೂಲೆಯಲ್ಲಿ ಕುಳಿತು ಎಡಗೈಯಿಂದ ಪೊಟ್ಟಣಕ್ಕೆ ಖಾರ ತುಂಬುತ್ತಿದ್ದರು. ಕಣ್ಣು ಮಾತ್ರ ಕಡಾಯಿಯ ಮೇಲೆ. "ಎಣ್ಣಿ ಕಾದಿಲ್ಲ, ಈಗ ಒತ್ತಬ್ಯಾಡ," ಎಂದರು ಆಕೆಗೆ. ಆಕೆ ಕೇಳಲಿಲ್ಲ. ಸೇವು ತಳ ಹಿಡಿಯಿತು.

"ಗುಳಿಗಿ ತಗೊಳ್ಳಾಕತ್ತೀರೇನ್ರಿ?"

"ತಗೊಳ್ಳಾಕತ್ತೇನಿ."

"ಊಟ?"

ಅಕ್ಕ ಪಕ್ಕದಲ್ಲಿದ್ದ ಬುತ್ತಿ ಬಿಚ್ಚಿ ತೋರಿಸಿದರು. ಇನ್ನೂ ರೊಟ್ಟಿ, ಮಜ್ಜಿಗೆ. "ಎಲ್ಲಾ ತಿನ್ರಿ ಅಂದ್ರು ಅವರು. ಎಲ್ಲಾ ಅಂದ್ರ ಯಾವುದರಿಂದ ಶುರು ಮಾಡ್ಲಿ? ಪಥ್ಯ ಕಟ್ಟಿದಾವ ನೀನು. ಬಿಚ್ಚಾಂವನೂ ನೀನ ಆಗಬೇಕು. ಅವತ್ತಿನಂಗ ಮೂಗಿಲೆ ಹೇಳು, ನೆನಪ ಉಳೀತೈತಿ."

ಬಾಯಿ ತೆರೆದೆ. ಆಡೂರಜ್ಜನ ಮೂಗು ಸಿದ್ಧವಾಗಿಯೇ ಇತ್ತು, ಒಂದು ಹೂಂ ಎಂದರೆ ಸಾಕು. ಮಾಲಕರ ಕೆಮ್ಮು, ಮಾಸ್ತರರ ಗತ್ತು, ಮೇಡಂ ಪೆನ್ನು ಇಡುವ ಶಿಸ್ತು, ಎಲ್ಲವೂ ನನ್ನ ಬಳಿ ಇದ್ದವು. ಒಂದನ್ನೂ ಎತ್ತಿಕೊಳ್ಳಲಿಲ್ಲ. ಉಳಿದದ್ದು ನನ್ನ ದನಿ. ಬಹಳ ದಿನ ಬಳಸದೆ ಇಟ್ಟದ್ದಕ್ಕೋ ಏನೋ, ತೆಳ್ಳಗೆ, ತಡವರಿಸುತ್ತ ಬಂತು.

"ಅಕ್ಕಾರ... ಅಂದ್ರ... ಮೆಂತ್ಯಪಲ್ಲೆ ತಿನ್ರಿ. ರಾಜಗಿರಿ ತಿನ್ರಿ. ಮ್ಯಾಲೆ ಲಿಂಬಿ ಹಿಂಡ್ಕೋರಿ. ಹುಳ್ಳಿಕಾಳು, ಶೇಂಗಾ, ಬೆಲ್ಲ... ತತ್ತಿ ತಿನ್ನೂದಿದ್ರ ತತ್ತಿ. ಚಹಾ... ಅಂದ್ರ... ಊಟಾದ ಮ್ಯಾಲೆ ಒಂದ್‌ ತಾಸು ಚಹಾ ಬ್ಯಾಡ್ರಿ. ಅಷ್ಟ. ನಾ... ತಪ್ಪ ಹೇಳಿದ್ದೆ ರೀ."

ಅಕ್ಕ ತುಟಿ ಅಲ್ಲಾಡಿಸುತ್ತಿದ್ದರು. ಈ ಸಲ ಅದೇನೆಂದು ನನಗೆ ಗೊತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಬುಧವಾರ, ಅಚ್ಚಿನ ಚೀಟಿಯ ಎರಡು ಸಾಲಷ್ಟೇ ಓದಿ, ಅರ್ಧದಷ್ಟೂ ಹೋಗದ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿ ಭಟ್ಟಿಯ ಕಡೆ ಹೋದೆ. ಅಕ್ಕನ ಕಾಲು ಇನ್ನೂ ಪೂರ್ತಿ ಸುಮ್ಮನಾಗಿರಲಿಲ್ಲ. ವಾರದಲ್ಲಿ ನಾಲ್ಕು ರಾತ್ರಿ ನಿದ್ದೆ ಹತ್ತುತ್ತಿತ್ತು, ಮೂರು ರಾತ್ರಿ ಅಂಗಳ. ಬೆಳಗಿನ ಪಾಳಿಯಷ್ಟು ಕಡಾಯಿ ವಾಪಸ್‌ ಸಿಕ್ಕಿತ್ತು. ಮಧ್ಯಾಹ್ನ ಊಟ ಮುಗಿಸಿ ಝಾರಿ ಒರೆಸುತ್ತ ಕುಳಿತಿದ್ದರು. ಮೈದುನ ಚಹಾದ ಕಪ್ಪು ತಂದು ಮುಂದಿಟ್ಟ.

ಅಕ್ಕ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ಚಹಾ... ಅಂದ್ರ... ಊಟಾದ ಮ್ಯಾಲೆ ಒಂದ್‌ ತಾಸು ಬ್ಯಾಡ್ರಿ," ಎಂದರು, ತೆಳ್ಳಗೆ, ತಡವರಿಸುತ್ತ.

ಮೈದುನ ನಕ್ಕ. "ಇದ್ಯಾರ ದನೀನ, ವೈನಿ?"

ಅಕ್ಕ ಝಾರಿಯಿಂದ ನನ್ನ ಕಡೆ ತೋರಿಸಿದರು.